ಅವಳನ್ನು ಒಂಟಿ ಮಾಡಬೇಡಿ

ನಿಮಗೆ ಗೊತ್ತಿದೆ. ನಿಮ್ಮ ಕಚೇರಿಯಲ್ಲಿ ಯಾರ ಕೋಣೆಗೆ ಹುಡುಗಿಯರು ಒಬ್ಬರೇ ಹೋಗಲು ಹಿಂಜರಿಯುತ್ತಾರೆ, ಯಾರು ಕರೆದರೆ ಫೈಲನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲೇ ನಿಂತು ಮಾತಾಡುತ್ತಾರೆ, ಯಾರು ಹತ್ತಿದರೆಂದು ಲಿಫ್ಟ್ ಬಿಟ್ಟು ನಾಲ್ಕು ಮಹಡಿ ಮೆಟ್ಟಿಲಿಳಿಯುತ್ತಾರೆ ಎಂಬುದು ನಿಮಗೆ ಗೊತ್ತಿದೆ. ಹೊಸದಾಗಿ ಸೇರಿದವಳಿಗೆ ಮೊದಲ ವಾರದಲ್ಲೇ ಯಾರಾದರೂ ಹಿರಿಯಳು ಕಿವಿಯಲ್ಲಿ ಹೇಳುವ ಆ ಹೆಸರು ನಿಮಗೂ ಗೊತ್ತಿದೆ. ಎಲ್ಲರ ಜೊತೆ ನಗುನಗುತ್ತ ಊಟಕ್ಕೆ ಕೂರುತ್ತಿದ್ದವಳು ಒಂದು ದಿನ ಡಬ್ಬಿ ತೆಗೆದುಕೊಂಡು ಬೇರೆ ಮೂಲೆಗೆ ಹೋದದ್ದು, ಆಮೇಲೆ ಮೇಲಿಂದ ಮೇಲೆ ರಜೆ ಹಾಕಿದ್ದು, ಕೊನೆಗೆ ‘ಮನೆಯಲ್ಲಿ ತೊಂದರೆ’ ಎಂದು ರಾಜೀನಾಮೆ ಬರೆದುಕೊಟ್ಟದ್ದು ಎಲ್ಲವೂ ನಿಮ್ಮ ಕಣ್ಣೆದುರಿಗೇ ನಡೆಯಿತು. ಅವಳ ಬೀಳ್ಕೊಡುಗೆಗೆ ನೀವೂ ದುಡ್ಡು ಹಾಕಿದಿರಿ, ಕೇಕು ತಿಂದಿರಿ, ‘ಒಳ್ಳೆಯ ಹುಡುಗಿ, ಪಾಪ’ ಎಂದಿರಿ. ಮನೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ ಎಂಬುದು ನಿಮಗೆ ಗೊತ್ತಿತ್ತು.

ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನೀವು ಯಾರ ಮೈಮೇಲೂ ಕೈಯಿಟ್ಟವರಲ್ಲ, ಯಾರಿಗೂ ಹೊಲಸು ಮೆಸೇಜು ಕಳಿಸಿದವರಲ್ಲ. ರಸ್ತೆಯಲ್ಲಿ ಯಾರಾದರೂ ಬಿದ್ದರೆ ಗಾಡಿ ನಿಲ್ಲಿಸುವವರು ನೀವು, ಜೊತೆಯವನ ತಂದೆ ಆಸ್ಪತ್ರೆಯಲ್ಲಿದ್ದರೆ ರಾತ್ರಿಯಿಡೀ ಹೊರಗಿನ ಬೆಂಚಿನ ಮೇಲೆ ಕೂತು ಕಾಯುವವರು ನೀವು, ರಕ್ತ ಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಊಟ ಬಿಟ್ಟು ಹೊರಡುವವರು ನೀವು. ಅಂಥ ನೀವು ಈ ಒಂದು ವಿಷಯ ಬಂದಾಗ ಮಾತ್ರ ಯಾಕೆ ಕಂಪ್ಯೂಟರಿನ ಕಡೆಗೆ ಮುಖ ತಿರುಗಿಸಿಕೊಳ್ಳುತ್ತೀರಿ ಎಂಬ ಸಂಕಟ ನನ್ನಿಂದ ಇದನ್ನು ಬರೆಸುತ್ತಿದೆ. ನಿಮ್ಮ ಮನಸ್ಸು ಕಲ್ಲಾಗಿದೆ ಎಂದು ಅನಿಸಿದ್ದರೆ ಈ ಗೋಜಿಗೇ ಹೋಗುತ್ತಿರಲಿಲ್ಲ. ಕಲ್ಲಿನ ಹತ್ತಿರ ಯಾರೂ ಅಂಗಲಾಚುವುದಿಲ್ಲ.

ಬೆಂಗಳೂರಿನ ಯಾವುದಾದರೂ ಗಾರ್ಮೆಂಟ್ಸ್ ಕಾರ್ಖಾನೆಯ ಒಂದು ಲೈನಿನ ಪಕ್ಕ ಬಂದು ನಿಲ್ಲಿ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಮೈಸೂರು ರಸ್ತೆಯಲ್ಲೋ, ಇನ್ನೂ ಆಚೆ ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದ ಕಡೆಯೋ, ಬೆಳಗಾಗೆದ್ದು ಮನೆಮಂದಿಗೆಲ್ಲ ಅಡುಗೆ ಮಾಡಿಟ್ಟು, ತಾನು ನಿಂತಲ್ಲೇ ಎರಡು ತುತ್ತು ನುಂಗಿ, ಗೇಟು ಮುಚ್ಚುವುದರೊಳಗೆ ಓಡೋಡಿ ಬರುವ ಲಕ್ಷಾಂತರ ಹೆಂಗಸರು ದುಡಿಯುವ ಉದ್ಯಮ ಅದು. ದುಡಿಯುವವರಲ್ಲಿ ಬಹುಪಾಲು ಹೆಂಗಸರೇ ಆದರೂ ಆ ಜಾಗ ಗಂಡಸರದ್ದು. ಮೆಷಿನ್ ತುಳಿಯುವವಳು ಹೆಂಗಸು. ಗಂಟೆಗೊಮ್ಮೆ ಪೀಸ್ ಎಣಿಸುವ ಸೂಪರ್‌ವೈಸರ್ ಸಾಮಾನ್ಯವಾಗಿ ಗಂಡಸು, ಅವನ ಮೇಲಿನ ಫ್ಲೋರ್ ಇನ್‌ಚಾರ್ಜ್ ಗಂಡಸು, ಅವನ ಮೇಲಿನ ಮ್ಯಾನೇಜರ್ ಗಂಡಸು. ರಜೆ ಕೊಡುವವನು ಅವನು, ಮಗುವಿಗೆ ಜ್ವರವೆಂದು ಶಾಲೆಯಿಂದ ಫೋನು ಬಂದರೆ ಗೇಟ್ ಪಾಸಿಗೆ ಸಹಿ ಹಾಕುವವನು ಅವನು, ಟಾರ್ಗೆಟ್ ಮುಟ್ಟದವಳನ್ನು ಎಲ್ಲರೆದುರು ಹೆಸರು ಹಿಡಿದು ಬೈಯುವವನು ಅವನು, ಕೈಗೆ ಒಗ್ಗಿದ ಹೊಲಿಗೆಯಿಂದ ಎಬ್ಬಿಸಿ ಗೊತ್ತಿಲ್ಲದ ಮೆಷಿನ್ನಿಗೆ ಕೂರಿಸುವವನು ಅವನು. ಅವನು ಹೊಲಿಗೆ ನೋಡುವ ನೆಪದಲ್ಲಿ ಒಬ್ಬಳ ಹೆಗಲ ಮೇಲೆ ಬಾಗುತ್ತಾನೆ. ಇಡೀ ಲೈನಿಗೆ ಕಾಣುತ್ತದೆ. ಇಡೀ ಲೈನು ಸೂಜಿಯ ಮೇಲೆ ಕಣ್ಣಿಟ್ಟು ಕೂರುತ್ತದೆ. ಮೆಷಿನ್‌ಗಳ ಸದ್ದು ಒಂದು ಕ್ಷಣವೂ ನಿಲ್ಲುವುದಿಲ್ಲ.

‘ಅವಳೇ ಬಾಯಿಬಿಡಬಹುದಿತ್ತಲ್ಲ, ಅಷ್ಟೂ ಧೈರ್ಯವಿಲ್ಲವೇ?’ ಎಂದು ನೀವು ಕೇಳಬಹುದು. ಈ ಹೆಂಗಸರ ಧೈರ್ಯದ ಲೆಕ್ಕ ಬೇಕಿದ್ದರೆ 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದಾಗ, ಯಾವ ದೊಡ್ಡ ನಾಯಕನೂ ಕರೆ ಕೊಡದೆ, ಯಾವ ಪಕ್ಷದ ಬಾವುಟವೂ ಇಲ್ಲದೆ, ಇದೇ ಹೆಂಗಸರು ಮೆಷಿನ್ ಬಿಟ್ಟು ಎದ್ದು ಬಂದು ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಕೂತುಬಿಟ್ಟರು. ಲಾಠಿಗೂ ಅಶ್ರುವಾಯುವಿಗೂ ಅಂಜಲಿಲ್ಲ. ಎರಡೇ ದಿನ, ಏಪ್ರಿಲ್ 19ರಂದು ದೆಹಲಿ ತನ್ನ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಒಂದು ಸರ್ಕಾರವನ್ನು ಎರಡು ದಿನದಲ್ಲಿ ಮಣಿಸಿದ ಹೆಂಗಸು, ಒಬ್ಬ ಸೂಪರ್‌ವೈಸರನ ಕೈಯನ್ನು ವರ್ಷಗಟ್ಟಲೆ ಯಾಕೆ ಸಹಿಸುತ್ತಾಳೆ? ರಸ್ತೆಯಲ್ಲಿ ಅವಳ ಎಡಕ್ಕೂ ಬಲಕ್ಕೂ ಸಾವಿರ ಜನರಿದ್ದರು. ಮೆಷಿನ್ನಿನ ಮುಂದೆ ಅವಳು ಒಬ್ಬಳೇ. ಕಿರುಕುಳ ಕೊಡುವವನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಅವನು ಮೊದಲು ಅವಳನ್ನು ಒಂಟಿ ಮಾಡುತ್ತಾನೆ, ಆಮೇಲೆ ಕೈಯೆತ್ತುತ್ತಾನೆ. ಆ ಮೊದಲ ಕೆಲಸ ಅವನೊಬ್ಬನಿಂದ ಆಗುವಂಥದ್ದಲ್ಲ. ಅದಕ್ಕೆ ಅವನಿಗೆ ನಮ್ಮೆಲ್ಲರ ನೆರವು ಬೇಕು. ನಾವು ಅದನ್ನು ಕೇಳದೆಯೇ ಕೊಡುತ್ತ ಬಂದಿದ್ದೇವೆ.

ಇವತ್ತು ನಿಮ್ಮ ಕಚೇರಿಯ ಗೋಡೆಯ ಮೇಲೆ ‘ಆಂತರಿಕ ದೂರು ಸಮಿತಿ’ ಎಂಬ ಫಲಕವೇನಾದರೂ ಇದ್ದರೆ ಅದರ ಹಿಂದೆ ರಾಜಸ್ಥಾನದ ಒಬ್ಬ ಕುಂಬಾರ ಹೆಂಗಸಿದ್ದಾಳೆ. ಜೈಪುರದ ಹತ್ತಿರದ ಭಟೇರಿ ಎಂಬ ಹಳ್ಳಿಯ ಭಂವರಿ ದೇವಿ. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಎಂಬ ಕಾರ್ಯಕರ್ತೆ ಆಕೆ. ಕೈಗೆ ಬರುತ್ತಿದ್ದುದು ಸಂಬಳವೆನ್ನಲೂ ಆಗದಷ್ಟು ಪುಡಿಗಾಸು. ಬಾಲ್ಯವಿವಾಹ ತಡೆಯಿರಿ ಎಂದು ಸರ್ಕಾರ ಹೇಳಿತು, ಆಕೆ ತಡೆಯಲು ಹೋದಳು. ಇನ್ನೂ ವರ್ಷ ತುಂಬದ ಹಸುಗೂಸಿನ ಮದುವೆ ಅದು, ಊರಿನ ಬಲಾಢ್ಯರ ಮನೆಯಲ್ಲಿ. 1992ರ ಸೆಪ್ಟೆಂಬರ್‌ನ ಒಂದು ಸಂಜೆ ಹೊಲದಲ್ಲಿ ದುಡಿಯುತ್ತಿದ್ದ ಗಂಡಹೆಂಡಿರ ಮೇಲೆ ಐವರು ಬಿದ್ದರು. ಗಂಡನನ್ನು ಬಡಿದು ಹಿಡಿದಿಟ್ಟುಕೊಂಡು ಆಕೆಯ ಮೇಲೆ ಅತ್ಯಾಚಾರ ಮಾಡಿದರು ಎಂದು ಆಕೆ ದೂರಿತ್ತಳು. ಸರ್ಕಾರದ ಕೆಲಸ ಮಾಡಿದ್ದಕ್ಕೆ ಆದ ಗಾಯ ಅದು. ಆದರೆ ಸರ್ಕಾರ ಅವಳ ಪಕ್ಕ ನಿಲ್ಲಲಿಲ್ಲ. ಊರೂ ನಿಲ್ಲಲಿಲ್ಲ, ಅವಳ ಮಡಕೆಗಳನ್ನು ಕೊಳ್ಳುವುದನ್ನೇ ಬಿಟ್ಟಿತು. ವಿಚಾರಣೆಯ ನಡುವೆ ನ್ಯಾಯಾಧೀಶರು ಬದಲಾಗುತ್ತಲೇ ಹೋದರು, ಮತ್ತು 1995ರಲ್ಲಿ ಕೆಳಗಿನ ನ್ಯಾಯಾಲಯ, ಮೇಲ್ಜಾತಿಯ ಗಂಡಸರು ಕೆಳಜಾತಿಯ ಹೆಣ್ಣನ್ನು ಮುಟ್ಟಲಾರರು ಎಂಬ ಬಗೆಯ ತರ್ಕ ಹೂಡಿ, ಆ ಐವರನ್ನೂ ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಮೇಲ್ಮನವಿ ದಶಕಗಟ್ಟಲೆ ಹೈಕೋರ್ಟಿನಲ್ಲಿ ಧೂಳು ತಿಂದಿತು. ಆರೋಪಿಗಳಲ್ಲಿ ಕೆಲವರು ಅಷ್ಟರಲ್ಲಿ ಸತ್ತೂ ಹೋದರು.

ಭಂವರಿ ದೇವಿಗೆ ನ್ಯಾಯ ಸಿಗಲಿಲ್ಲ. ಆಕೆಯ ಹೋರಾಟದಿಂದ ಉಳಿದೆಲ್ಲ ಹೆಂಗಸರಿಗೆ ಕಾನೂನು ಸಿಕ್ಕಿತು. ವಿಶಾಖಾ ಮೊದಲಾದ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು, ಮುಖ್ಯ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಪೀಠ 1997ರ ಆಗಸ್ಟ್ 13ರಂದು, ಕೆಲಸದ ಜಾಗದಲ್ಲಿ ಹೆಣ್ಣಿನ ಮರ್ಯಾದೆ ಕಾಯುವುದು ಕೆಲಸ ಕೊಟ್ಟವನ ಹೊಣೆ ಎಂದು ಹೇಳಿ ಮಾರ್ಗಸೂಚಿ ಕೊಟ್ಟಿತು. ಅದು ಸಂಸತ್ತಿನ ಕಾಯ್ದೆಯಾಗಲು ಮತ್ತೆ 16 ವರ್ಷ ಹಿಡಿಯಿತು. 2013ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಹತ್ತು ಜನ ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಹಿರಿಯ ಮಹಿಳೆಯ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಅರ್ಧದಷ್ಟು ಹೆಂಗಸರಿರಬೇಕು, ಸಂಸ್ಥೆಯ ಹೊರಗಿನವರು ಒಬ್ಬರಿರಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಹೀಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾರೆ. ಆದರೂ ಸುಮಾರು ಹತ್ತು ವರ್ಷ ಕಳೆದ ಮೇಲೆ, 2023ರ ಮೇ ತಿಂಗಳಲ್ಲಿ ಒಮ್ಮೆ, 2024ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ, ‘ಮೊದಲು ಸಮಿತಿಗಳನ್ನಾದರೂ ಮಾಡಿ’ ಎಂದು ಅದೇ ಸುಪ್ರೀಂ ಕೋರ್ಟು ಸರ್ಕಾರಗಳಿಗೆ ಗಡುವು ಹಾಕಿ ಹೇಳಬೇಕಾಯಿತು.

ಸಮಿತಿ ಇರುವ ಕಡೆಯಾದರೂ ಏನಾಗುತ್ತದೆ? ಅವಳು ದೂರು ಬರೆಯುತ್ತಾಳೆ. ಎಷ್ಟೋ ರಾತ್ರಿ ಬರೆದು ಹರಿದು, ಹರಿದದ್ದನ್ನು ಮತ್ತೆ ಬರೆದು, ಗಂಡನಿಗೆ ಹೇಳಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಕೊಡುತ್ತಾಳೆ. ಕೊಟ್ಟ ಗಳಿಗೆಯಿಂದ ಎಲ್ಲರ ಕಣ್ಣೂ ಅವಳ ಮೇಲೆ: ಅವಳು ಯಾರ ಜೊತೆ ನಗುತ್ತಿದ್ದಳು, ಯಾವ ಬಟ್ಟೆ ಹಾಕುತ್ತಿದ್ದಳು, ಪ್ರಮೋಷನ್ ತಪ್ಪಿತೆಂಬ ಸಿಟ್ಟೇ, ಯಾರಾದರೂ ಹಿಂದೆ ನಿಂತು ಹೇಳಿಕೊಡುತ್ತಿದ್ದಾರೆಯೇ. ಸಮಿತಿ ನಿಮ್ಮನ್ನು ಕರೆಯುತ್ತದೆ. ಸಾಕ್ಷಿಗಳನ್ನು ಕರೆಸುವ ಅಧಿಕಾರ ಅದಕ್ಕಿದೆ, ಸಿವಿಲ್ ಕೋರ್ಟಿಗೆ ಇರುವಂಥದ್ದೇ. ನೀವು ಹೋಗುತ್ತೀರಿ, ಕುರ್ಚಿಯ ಅಂಚಿನಲ್ಲಿ ಕೂರುತ್ತೀರಿ, ನೀರು ಕುಡಿಯುತ್ತೀರಿ. ‘ನಾನು ಆ ಹೊತ್ತಿಗೆ ಅಲ್ಲಿರಲಿಲ್ಲ ಮೇಡಂ’ ಎನ್ನುತ್ತೀರಿ. ‘ಅವರು ನನ್ನ ಹತ್ತಿರ ಯಾವತ್ತೂ ಹಾಗೆ ನಡೆದುಕೊಂಡಿಲ್ಲ’ ಎನ್ನುತ್ತೀರಿ. ಎರಡು ವಾಕ್ಯ, ಅಷ್ಟೇ. ಭಟೇರಿಯ ಹೊಲದಿಂದ ದೆಹಲಿಯ ಸಂಸತ್ತಿನವರೆಗೆ 21 ವರ್ಷ ನಡೆದುಬಂದ ಒಂದು ಕಾನೂನು ನಿಮ್ಮ ಆ ಎರಡು ವಾಕ್ಯದ ಎದುರು ಸುಮ್ಮನಾಗುತ್ತದೆ.

ಕೌರವರ ಸಭೆಯ ಕಥೆಯನ್ನು ನಾವೆಲ್ಲ ಬಯಲಾಟದಲ್ಲಿ, ಯಕ್ಷಗಾನದಲ್ಲಿ, ಗಮಕಿಗಳ ಬಾಯಲ್ಲಿ ಕೇಳಿ ಬೆಳೆದವರು. ದುಶ್ಶಾಸನನನ್ನು ಶಪಿಸುತ್ತೇವೆ, ಕೃಷ್ಣನಿಗೆ ಕೈಮುಗಿಯುತ್ತೇವೆ. ನಡುವೆ ಕೂತಿದ್ದವರ ಮಾತು ಬಂದಾಗ ಮಾತ್ರ ಬೇಗ ಬೇಗ ದಾಟಿಕೊಳ್ಳುತ್ತೇವೆ. ಭೀಷ್ಮ ಕೆಟ್ಟವನಾಗಿರಲಿಲ್ಲ, ದ್ರೋಣ ಕೆಟ್ಟವನಾಗಿರಲಿಲ್ಲ, ಕೃಪ ಕೆಟ್ಟವನಾಗಿರಲಿಲ್ಲ. ಉಂಡ ಅನ್ನದ ಋಣ, ಕೂತ ಪೀಠದ ಗೌರವ, ನಾಳೆಯ ಯೋಚನೆ ಅವರ ಬಾಯಿ ಕಟ್ಟಿತ್ತು. ಆ ಸಭೆಯಲ್ಲಿ ಎದ್ದು ನಿಂತು ಇದು ಅನ್ಯಾಯ ಎಂದವರಲ್ಲಿ ಒಬ್ಬ ಧೃತರಾಷ್ಟ್ರನದೇ ಮಗ, ವಿಕರ್ಣ. ಕರ್ಣ ಅವನನ್ನು ಗದರಿ ಕೂರಿಸಿದ. ವಿಕರ್ಣನ ಬೆನ್ನಿಗೆ ಇನ್ನೊಬ್ಬ ಎದ್ದಿದ್ದರೆ, ಅವನ ಬೆನ್ನಿಗೆ ಮತ್ತೊಬ್ಬ ಎದ್ದಿದ್ದರೆ ದ್ರೌಪದಿ ದೇವರನ್ನು ಕೂಗಬೇಕಾಗಿಯೇ ಇರಲಿಲ್ಲ. ಮನುಷ್ಯರು ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣು ದೇವರನ್ನೇ ಕರೆಯಬೇಕಾಗಿ ಬಂದದ್ದು ಆ ಮನುಷ್ಯರ ಸೋಲು.

ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಮನೆ ಸಾಲದ ಕಂತು, ಮಕ್ಕಳ ಫೀಸು, ಅಮ್ಮನ ಡಯಾಲಿಸಿಸ್. ಕಿರುಕುಳ ಕೊಟ್ಟ ಆ ಮನುಷ್ಯ ನಾಳೆ ನಿಮ್ಮ ಅಪ್ರೈಸಲ್‌ಗೆ ಸಹಿ ಹಾಕುವವನೂ ಆಗಿರಬಹುದು. ಆದರೆ ನೀವು ಹೆದರುವುದಕ್ಕೆ ಇರುವ ಕಾರಣಗಳೆಲ್ಲ ಅವಳಿಗೂ ಇವೆ. ಅದರ ಮೇಲೆ, ನಿಮಗೆ ಇಲ್ಲದ ಒಂದು ಗಾಯವೂ ಇದೆ. ಅಷ್ಟನ್ನೂ ಹೊತ್ತುಕೊಂಡು ಅವಳು ಮಾತಾಡಿದ್ದಾಳೆ. ಅಷ್ಟು ಹೊರದ ನೀವು ಅವಳ ಮಾತಿಗೆ ಒಂದು ‘ಹೌದು’ ಸೇರಿಸಲಾರಿರಾ?

‘ಸುಳ್ಳು ದೂರೂ ಇರುತ್ತವಲ್ಲ’ ಎಂದು ನಿಮ್ಮಲ್ಲಿ ಕೆಲವರು ಪ್ರಾಮಾಣಿಕವಾಗಿಯೇ ಕೇಳುತ್ತೀರಿ. ಕಾಯ್ದೆ ಅದನ್ನು ಮರೆತಿಲ್ಲ. ದುರುದ್ದೇಶದಿಂದ ಸುಳ್ಳು ದೂರು ಕೊಟ್ಟದ್ದು ವಿಚಾರಣೆಯಲ್ಲಿ ರುಜುವಾತಾದರೆ ಕ್ರಮಕ್ಕೆ ಅದರಲ್ಲಿ ದಾರಿಯಿದೆ. ಆದರೆ ದೂರನ್ನು ಸಾಬೀತು ಮಾಡಲು ಆಗಲಿಲ್ಲ ಎಂದ ಮಾತ್ರಕ್ಕೆ ದೂರು ಕೊಟ್ಟವಳ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ ಎಂದೂ ಅಲ್ಲೇ ಬರೆದಿದೆ. ಆರೋಪಿಯ ಹೆಸರು, ಸಾಕ್ಷಿಗಳ ಹೆಸರು, ಅವಳ ಹೆಸರು ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ಸುಳ್ಳಿನ ಬಗ್ಗೆ ನಿಜಕ್ಕೂ ಚಿಂತೆಯಿದ್ದರೆ ಅದಕ್ಕೆ ಮದ್ದು ಒಂದೇ: ಕಂಡವರೆಲ್ಲ ಬಂದು ಕಂಡದ್ದನ್ನು ಹೇಳುವುದು. ಸಾಕ್ಷಿಗಳು ನಿಜ ಹೇಳುವ ಕಡೆ ನಿರಪರಾಧಿಯಾದ ಗಂಡಸಿಗೆ ಭಯವಿಲ್ಲ.

‘ಆಗಲೇ ಯಾಕೆ ಹೇಳಲಿಲ್ಲ?’ ಎಂದೂ ಕೇಳುತ್ತೀರಿ. ದೂರು ಕೊಡಲು ಕಾಯ್ದೆಯಲ್ಲಿ ಮೂರು ತಿಂಗಳ ಗಡುವಿದೆ, ಸಮಿತಿ ಒಪ್ಪಿದರೆ ಇನ್ನೂ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಅವಳು ಏನು ಮಾಡುತ್ತಿರುತ್ತಾಳೆ ಗೊತ್ತೇ? ತನ್ನನ್ನೇ ಬೈದುಕೊಳ್ಳುತ್ತಿರುತ್ತಾಳೆ. ಯಾರಾದರೂ ಕೇಳಿಯಾರು ಎಂದು ಕಾಯುತ್ತಿರುತ್ತಾಳೆ. ನಿಮ್ಮ ಮುಖ ನೋಡುತ್ತಿರುತ್ತಾಳೆ, ಇವರು ನಂಬಿಯಾರೇ ಎಂದು ಅಳೆಯುತ್ತಿರುತ್ತಾಳೆ. ಅಳೆದು ಅಳೆದು, ಇಲ್ಲ ಎಂದುಕೊಂಡು ಸುಮ್ಮನಾಗುತ್ತಾಳೆ. ಅವಳು ತಡಮಾಡಿದಳು ಎಂದು ನೀವು ಹೇಳುವ ದಿನಗಳಲ್ಲಿ ಅವಳು ಕಾಯುತ್ತಿದ್ದುದು ನಿಮಗಾಗಿ.

ಹಿರಿಯಕ್ಕಂದಿರೇ, ನಿಮ್ಮ ಹತ್ತಿರವೂ ಒಂದು ಮಾತು. ‘ನಾವೂ ಸಹಿಸ್ಕೊಂಡು ಬಂದಿಲ್ವೇನಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ’ ಎಂದು ನೀವು ಹೇಳುವಾಗ ಅದರಲ್ಲಿ ಕೇಡಿಲ್ಲ, ಅವಳ ಕೆಲಸ ಉಳಿಯಲಿ ಎಂಬ ಕಾಳಜಿಯಿದೆ, ನನಗೆ ಗೊತ್ತು. ಆದರೆ ನೀವು ಸಹಿಸಿಕೊಂಡಾಗ ಎಷ್ಟು ರಾತ್ರಿ ನಿದ್ದೆಗೆಟ್ಟಿತ್ತು ಎಂಬುದು ನಿಮಗೇ ಗೊತ್ತಿದೆ. ಆಗ ನಿಮ್ಮ ಪಕ್ಕ ಯಾರಾದರೂ ಒಬ್ಬರು ಬಂದು ಕೂತಿದ್ದರೆ ಎಂದು ನೀವು ಹಂಬಲಿಸಿದ್ದೂ ನಿಮಗೆ ಗೊತ್ತಿದೆ. ಈಗ ಆ ಒಬ್ಬರು ನೀವೇ ಆಗಬಹುದು. ಮಾತುಕತೆಯಲ್ಲಿ ಮುಗಿಸೋಣ ಎಂದು ಅವಳ ಮೇಲೆ ಒತ್ತಡ ಹಾಕುವವರಿಗೂ ಹೇಳಿ: ರಾಜಿಯ ಮಾತು ಅವಳೇ ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲೆ ಆಗುವಂತಿಲ್ಲ ಎನ್ನುತ್ತದೆ ಕಾನೂನು.

ಮನೆಯಲ್ಲಿರುವ ಅಪ್ಪಂದಿರೇ, ಗಂಡಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮೊದಲ ಮಾತು ‘ನಾಳೆಯಿಂದ ಕೆಲಸಕ್ಕೆ ಹೋಗಬೇಡ’ ಎಂದಾಗಿಬಿಟ್ಟರೆ ಶಿಕ್ಷೆಯಾದದ್ದು ಯಾರಿಗೆ, ಯೋಚಿಸಿ. ತಪ್ಪು ಮಾಡಿದವನು ತನ್ನ ಕುರ್ಚಿಯಲ್ಲೇ ಇರುತ್ತಾನೆ. ಅವಳ ದುಡಿಮೆ, ಅವಳ ಗೆಳತಿಯರು, ತಿಂಗಳ ಕೊನೆಗೆ ಅವಳ ಕೈಯಲ್ಲಿರುತ್ತಿದ್ದ ನಾಲ್ಕು ಕಾಸು, ಅದರಿಂದ ಬಂದಿದ್ದ ತಲೆಯೆತ್ತಿ ನಡೆಯುವ ಬಲ, ಎಲ್ಲ ಒಂದೇ ದಿನದಲ್ಲಿ ಹೋಗುತ್ತವೆ. ಅದನ್ನು ತಿಳಿದೇ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲಿ ಬಾಯಿಬಿಡುವುದಿಲ್ಲ. ಕಚೇರಿಯಲ್ಲಿ ಒಂಟಿಯಾದವಳು ಮನೆಯಲ್ಲೂ ಒಂಟಿಯಾಗುತ್ತಾಳೆ.

ಇನ್ನು ದೂರು ಎಂಬ ಶಬ್ದವನ್ನೇ ಕೇಳದವರ ಸಂಗತಿ. ಒಡಿಶಾ, ಜಾರ್ಖಂಡ್‌ನಿಂದ ಬಂದು ಕಾರ್ಖಾನೆಯ ಹಾಸ್ಟೆಲಿನಲ್ಲಿರುವ ಹದಿನೆಂಟು ಹತ್ತೊಂಬತ್ತರ ಹುಡುಗಿಗೆ ಕನ್ನಡವೂ ಬಾರದು. ಗದರಿದ್ದು ಅರ್ಥವಾಗುತ್ತದೆ, ಗೋಡೆಯ ಮೇಲಿನ ಫಲಕ ಅರ್ಥವಾಗುವುದಿಲ್ಲ. ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸಿಗೆ ಹಾಜರಿ ಹಾಕುವವನ ಮರ್ಜಿ ಬೇಕು. ಎಸ್ಟೇಟಿನಲ್ಲಿ ಕಾಫಿ ಹಣ್ಣು ಬಿಡಿಸುವವಳಿಗೆ ಮೇಸ್ತ್ರಿಯ ಮರ್ಜಿ ಬೇಕು. ನಿಮ್ಮ ಮನೆಯಲ್ಲೇ ಪಾತ್ರೆ ತೊಳೆಯುವ ಹೆಂಗಸು ಇನ್ನೊಂದು ಮನೆಗೆ ಹೋಗುವುದನ್ನು ಇದ್ದಕ್ಕಿದ್ದಂತೆ ಬಿಟ್ಟಳಲ್ಲ, ‘ದೂರ ಆಯ್ತಕ್ಕ’ ಎಂದಳಲ್ಲ, ಆ ಮನೆ ಮುಂದಿನ ಬೀದಿಯಲ್ಲೇ ಇತ್ತು. ಹತ್ತು ಜನರಿಲ್ಲದ ಜಾಗದಲ್ಲಿ ದುಡಿಯುವವರಿಗೆ, ಮನೆಗೆಲಸದವರಿಗೆ, ಮಾಲೀಕನೇ ಕೈಯಿಟ್ಟರೆ ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಬರೆಯಲು ಆಗದವಳಿಗೆ ಸಮಿತಿಯೇ ಬರೆಯಲು ನೆರವಾಗಬೇಕು ಎನ್ನುತ್ತದೆ. ಇಷ್ಟು ಓದಬಲ್ಲ ನಮಗೇ ಈ ಸಮಿತಿಯ ವಿಳಾಸ ತಿಳಿದಿಲ್ಲ. ಅವರಿಗೆ ಯಾರು ಹೇಳಬೇಕು?

ಒಂಟಿಯಾಗಿದ್ದವರು ಜೊತೆಯಾದಾಗ ಏನಾಗುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. 2017ರ ಫೆಬ್ರವರಿಯಲ್ಲಿ ಕೇರಳದ ಒಬ್ಬ ನಟಿಯ ಮೇಲೆ ಚಲಿಸುವ ಕಾರಿನಲ್ಲಿ ದೌರ್ಜನ್ಯ ನಡೆದ ಮೇಲೆ, ಅವಳ ಜೊತೆಗಾರ್ತಿಯರು ಗಂಡಸರೇ ಆಳುವ ಚಿತ್ರರಂಗದಲ್ಲಿ ಮಹಿಳೆಯರದ್ದೇ ಒಂದು ಒಕ್ಕೂಟ ಕಟ್ಟಿದರು. ಅವರ ಒತ್ತಾಯಕ್ಕೆ ಸರ್ಕಾರ ನ್ಯಾಯಮೂರ್ತಿ ಹೇಮಾ ಅವರ ಸಮಿತಿ ನೇಮಿಸಿತು. 2019ರ ಕೊನೆಯಲ್ಲಿ ಸಲ್ಲಿಸಿದ ವರದಿ ನಾಲ್ಕೂವರೆ ವರ್ಷ ಕಪಾಟಿನಲ್ಲಿತ್ತು. 2024ರ ಆಗಸ್ಟ್‌ನಲ್ಲಿ ಹೊರಬಂದಾಗ, ಶೂಟಿಂಗ್ ಜಾಗದಲ್ಲಿ ಶೌಚಾಲಯವಿಲ್ಲದೆ ದಿನವಿಡೀ ನೀರು ಕುಡಿಯದೆ ದುಡಿಯುವ ಹೆಂಗಸರಿಂದ ಹಿಡಿದು, ಅವಕಾಶದ ಹೆಸರಲ್ಲಿ ಬಾಗಿಲು ಬಡಿಸಿಕೊಂಡವರವರೆಗೆ ಎಲ್ಲರ ಪಾಡೂ ಅದರಲ್ಲಿತ್ತು. ಮಾತಾಡಿದವರಲ್ಲಿ ಹಲವರು ಅವಕಾಶ ಕಳೆದುಕೊಂಡರು. ಆದರೂ ಅವರು ಚದುರಲಿಲ್ಲ. ಆ ವರದಿ ಹೊರಬಿದ್ದ ಮರುತಿಂಗಳೇ ನಮ್ಮ ಕನ್ನಡ ಚಿತ್ರರಂಗದವರೂ ಅಂಥದ್ದೊಂದು ಸಮಿತಿ ಬೇಕೆಂದು ಮುಖ್ಯಮಂತ್ರಿಯ ಬಾಗಿಲಿಗೆ ಹೋದರು.

ತಮಿಳುನಾಡಿನ ದಿಂಡಿಗಲ್‌ನ ಕಡೆಗೂ ನೋಡಿ. 2021ರ ಜನವರಿಯಲ್ಲಿ ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಯ ಇಪ್ಪತ್ತರ ದಲಿತ ಹುಡುಗಿಯೊಬ್ಬಳ ಕೊಲೆಯಾಯಿತು. ತನ್ನ ಸೂಪರ್‌ವೈಸರನಿಂದ ಅವಳು ಕಿರುಕುಳ ಅನುಭವಿಸುತ್ತಿದ್ದಳು ಎಂದು ಮನೆಯವರೂ ಜೊತೆಗಾರ್ತಿಯರೂ ಹೇಳಿದರು. ಅವಳ ಸಾವಿನ ನಂತರ ಹೆಂಗಸರೇ ನಡೆಸುವ ಅಲ್ಲಿನ ಕಾರ್ಮಿಕ ಸಂಘ ಸುಮ್ಮನೆ ಕೂರಲಿಲ್ಲ. 2022ರಲ್ಲಿ ಕಂಪನಿಯೂ, ಅಲ್ಲಿ ಬಟ್ಟೆ ಹೊಲಿಸಿಕೊಳ್ಳುವ ವಿದೇಶಿ ಬ್ರ್ಯಾಂಡುಗಳೂ ಒಪ್ಪಂದಕ್ಕೆ ಸಹಿ ಹಾಕುವಂತೆ ಮಾಡಿತು. ಅದರ ಪ್ರಕಾರ ಕಾರ್ಮಿಕ ಹೆಂಗಸರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಕೆಲಸದ ನಡುವೆಯೇ ಇಂಥದ್ದನ್ನು ಗಮನಿಸಿ, ದೂರಿಗೆ ಜೊತೆಯಾಗುವ ಹೊಣೆ ಕೊಟ್ಟರು. ಹೊಲಿಯುವವಳ ಪಕ್ಕದಲ್ಲೇ ಅವಳಿಗಾಗಿ ಕಣ್ಣು ತೆರೆದಿಟ್ಟುಕೊಂಡ ಇನ್ನೊಬ್ಬಳು ಕೂತಳು. ಆದರೆ ಅದಕ್ಕೆ ಮೊದಲು ಒಬ್ಬ ಹುಡುಗಿ ಸಾಯಬೇಕಾಯಿತು. ನಮ್ಮ ಕಡೆಯೂ ಯಾರಾದರೂ ಸತ್ತ ಮೇಲೆಯೇ ನಾವು ಜೊತೆಯಾಗಬೇಕೇ?

ನಿಮ್ಮನ್ನು ಬೀದಿಗಿಳಿಯಿರಿ ಎನ್ನುತ್ತಿಲ್ಲ, ಕೆಲಸ ಕಳೆದುಕೊಳ್ಳಿ ಎನ್ನುತ್ತಿಲ್ಲ. ಅವಳನ್ನು ಒಂಟಿ ಮಾಡಬೇಡಿ ಎಂದು ಬೇಡುತ್ತಿದ್ದೇನೆ. ಅವನು ಅಸಭ್ಯ ಜೋಕು ಹೇಳಿದಾಗ ನಗಬೇಡಿ. ನಿಮ್ಮ ನಗು ಅವನಿಗೆ ಅಪ್ಪಣೆಯಂತೆ ಕೇಳಿಸುತ್ತದೆ. ರಾತ್ರಿ ತಡವಾಗಿ ಒಬ್ಬಳನ್ನೇ ಉಳಿಸಿಕೊಂಡರೆ ನೀವೂ ಉಳಿಯಿರಿ, ಅವಳನ್ನು ಒಂಟಿ ಮಾಡಬೇಡಿ. ನಿಮ್ಮ ಕಣ್ಣಿಗೆ ಬಿದ್ದದ್ದನ್ನು ದಿನ, ಹೊತ್ತು, ಜಾಗ ಸಮೇತ ಬರೆದಿಟ್ಟುಕೊಳ್ಳಿ. ಮುಂದೊಂದು ದಿನ ಅವಳ ಮಾತಿಗೆ ಆಧಾರವಾಗಿ ಅದೊಂದೇ ಇರಬಹುದು. ಅವಳು ದೂರು ಕೊಟ್ಟ ಮರುದಿನ ಕ್ಯಾಂಟೀನಿನಲ್ಲಿ ಎಲ್ಲರೂ ಬೇರೆ ಮೇಜು ಹುಡುಕಿಕೊಳ್ಳುವಾಗ ನಿಮ್ಮ ತಟ್ಟೆ ಹಿಡಿದು ಅವಳೆದುರು ಹೋಗಿ ಕೂರಿ, ಅವಳನ್ನು ಒಂಟಿ ಮಾಡಬೇಡಿ. ಏನೂ ಕೇಳಬೇಕಾಗಿಲ್ಲ, ಮಳೆಯ ಮಾತಾಡಿ, ಮಕ್ಕಳ ಮಾತಾಡಿ. ಅವಳು ತಾನೇ ದೂರು ಕೊಡಲಾರದ ಸ್ಥಿತಿಯಲ್ಲಿದ್ದರೆ, ಅವಳ ಲಿಖಿತ ಒಪ್ಪಿಗೆ ಪಡೆದು, ನಡೆದದ್ದು ತಿಳಿದಿರುವ ಯಾರಾದರೂ ದೂರು ಕೊಡಬಹುದು ಎಂದು ನಿಯಮವೇ ಹೇಳುತ್ತದೆ. ಕಾನೂನು ಬರೆದವರು ಆ ಸಾಲನ್ನು ಬರೆಯುವಾಗ ನಿಮ್ಮಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಪಕ್ಕದ ಕುರ್ಚಿಯವರೊಬ್ಬರಾದರೂ ಒಳ್ಳೆಯವರಿದ್ದಾರು ಎಂದು ಅವರು ನಂಬಿದ್ದರು.

ಗಂ​ಡಸರೇ, ನಿಮ್ಮ ಮಾತಿಗೆ ಇಂಥ ಜಾಗಗಳಲ್ಲಿ ಇನ್ನೂ ಹೆಚ್ಚು ಬೆಲೆಯಿದೆ. ಅದು ಸರಿಯಲ್ಲ, ಆದರೆ ಇದೆ. ಅವಳು ಹೇಳಿದರೆ ‘ಅತಿಸೂಕ್ಷ್ಮ’ ಎನ್ನುವವರು ನೀವು ಹೇಳಿದರೆ ಒಂದು ಗಳಿಗೆ ನಿಂತು ಕೇಳುತ್ತಾರೆ. ಆ ಬೆಲೆ ನಿಮಗೆ ಪುಕ್ಕಟೆಯಾಗಿ ಬಂದದ್ದು. ಅವಳಿಗಾಗಿ ಅದನ್ನು ಖರ್ಚು ಮಾಡಿ.

ನಾಳೆ ಕೆಲಸಕ್ಕೆ ಹೋದಾಗ ಸಮಿತಿಯ ಹೆಸರುಗಳು, ಫೋನ್ ನಂಬರುಗಳು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿವೆಯೇ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ಒಬ್ಬರೇ ಕೇಳಲು ಅಂಜಿಕೆಯಾದರೆ ನಾಲ್ಕು ಜನ ಸೇರಿ ಕೇಳಿ. ಹಾಕುವುದು ಮಾಲೀಕನ ಕರ್ತವ್ಯ, ಸಮಿತಿಯನ್ನೇ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡವಿದೆ. ಮನೆಗೆಲಸದಾಕೆಗೆ ಜಿಲ್ಲಾ ಸಮಿತಿಯ ವಿಷಯ ತಿಳಿಸಿ. ಮತ್ತು ಸಮಿತಿ ನಿಮ್ಮನ್ನು ಸಾಕ್ಷಿಗೆ ಕರೆದ ದಿನ ರಜೆ ಹಾಕಬೇಡಿ. ಹೋಗಿ, ಕಂಡದ್ದನ್ನು ಕಂಡ ಹಾಗೆ ಹೇಳಿ. ಅಷ್ಟನ್ನು ಮಾಡಿ, ದಯವಿಟ್ಟು.